ಬೂಸ್ಟರ್ ಬದಲಿಸಿದರೂ ಹೋಗದ ಗಟ್ಟಿ ಪೆಡಲ್: ಒಂದು ಡೀಸೆಲ್ ಪಿಕಪ್ ಪ್ರಕರಣ

ಗಾಡಿ ಸರಕು ಸಾಗಿಸುವ ಡೀಸೆಲ್ ಪಿಕಪ್. ಮುಂದೆ ಡಿಸ್ಕ್, ಹಿಂದೆ ಡ್ರಮ್. ಹೈಡ್ರಾಲಿಕ್ ಬ್ರೇಕ್, ಅದಕ್ಕೆ ಕಾಲಿನ ಬಲಕ್ಕೆ ಸಹಾಯ ಕೊಡುವ ವ್ಯಾಕ್ಯೂಮ್ ಬೂಸ್ಟರ್. ಬೂಸ್ಟರಿನಿಂದ ಗಾಳಿ ಎಳೆದು ಖಾಲಿ ಮಾಡುವ ವ್ಯಾಕ್ಯೂಮ್ ಪಂಪ್, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ಬೆನ್ನಿಗೇ ಕೂತಿದೆ. ದೂರು ಒಂದೇ: ಪೆಡಲ್ ಗಟ್ಟಿ, ಎಷ್ಟು ತುಳಿದರೂ ಇಳಿಯುವುದಿಲ್ಲ, ಗಾಡಿ ನಿಲ್ಲುವ ಹೊತ್ತಿಗೆ ಎದೆ ಹೊಡೆದುಕೊಳ್ಳುತ್ತದೆ.

ನಮ್ಮ ಹತ್ತಿರ ಬರುವ ಮೊದಲೇ ಬೇರೆ ಗ್ಯಾರೇಜಿನಲ್ಲಿ ಬೂಸ್ಟರ್ ಬದಲಿಸಿದ್ದರು. ಬ್ರೇಕ್ ಆಯಿಲ್ ಹೊಸದು ಹಾಕಿ ಏರ್ ಕೂಡ ತೆಗೆದಿದ್ದರು. ದೂರು ಮಾತ್ರ ಇದ್ದ ಹಾಗೇ ಇತ್ತು. ಹಳೆಯ ಬೂಸ್ಟರನ್ನು ಮಾಲೀಕರು ಬಿಸಾಡಿರಲಿಲ್ಲ. ಬಟ್ಟೆಯಲ್ಲಿ ಸುತ್ತಿ ಸೀಟಿನ ಹಿಂದೆ ಇಟ್ಟುಕೊಂಡಿದ್ದರು. ಅದು ಆಮೇಲೆ ಉಪಯೋಗಕ್ಕೆ ಬಂತು.

ಸ್ಪ್ಯಾನರ್ ಹಿಡಿಯುವ ಮೊದಲು ಡ್ರೈವರನ್ನು ಕೂರಿಸಿ ಕೇಳಿದೆ. ಯಾವಾಗ ಗಟ್ಟಿ? ಯಾವಾಗಲೂನಾ, ಒಮ್ಮೊಮ್ಮೆನಾ?

"ಬೆಳಿಗ್ಗೆ ಏನೂ ತೊಂದರೆ ಇಲ್ಲ ಸರ್. ಬಿಸಿಯಾದ ಮೇಲೆ ಟ್ರಾಫಿಕ್‌ನಲ್ಲಿ ಮೊದಲ ಸಲ ಚೆನ್ನಾಗಿಯೇ ಹಿಡಿಯುತ್ತೆ. ಹಿಂದೆಯೇ ಇನ್ನೊಂದು ಸಲ ಒತ್ತಿದ್ರೆ ಕಾಲು ಕೆಳಗೇ ಹೋಗಲ್ಲ. ಸ್ವಲ್ಪ ಹೊತ್ತು ಬಿಟ್ಟು ಒತ್ತಿದ್ರೆ ಮತ್ತೆ ಸರಿ."

ಅರ್ಧ ಉತ್ತರ ಈ ಮಾತಿನಲ್ಲೇ ಇತ್ತು. ಪೆಡಲ್ ಗಟ್ಟಿ ಅನ್ನುವುದು ಒಂದೇ ದೂರು, ಕಾರಣ ಮಾತ್ರ ಹತ್ತಾರು. ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿಸ್ಟನ್ ಹಿಡಿದುಕೊಂಡಿರಬಹುದು. ಪ್ಯಾಡ್ ಮೇಲೆ ಗಾಜಿನಂಥ ಹೊಳಪು ಬಂದಿರಬಹುದು. ಚಕ್ರದ ಹತ್ತಿರದ ರಬ್ಬರ್ ಹೋಸ್ ಒಳಗಡೆ ಊದಿ ದಾರಿ ಮುಚ್ಚಿರಬಹುದು. ಪೆಡಲ್ ತಿರುಗುವ ಪಿನ್ನೇ ತುಕ್ಕು ಹಿಡಿದಿರಬಹುದು. ಆದರೆ ಇವೆಲ್ಲ ಮೊದಲ ಸಲಕ್ಕೂ ಎರಡನೇ ಸಲಕ್ಕೂ ಭೇದ ಮಾಡುವುದಿಲ್ಲ. ತುಕ್ಕು ಹಿಡಿದ ಪಿನ್ ಪ್ರತಿ ಸಲವೂ ಗಟ್ಟಿ. ಒಂದು ಸಲ ಒತ್ತಿದಾಗ ಸರಿ, ತಕ್ಷಣ ಮತ್ತೆ ಒತ್ತಿದರೆ ಗಟ್ಟಿ, ಕಾದರೆ ಮತ್ತೆ ಸರಿ ಅಂದರೆ ಏನೋ ಒಂದು ಖಾಲಿಯಾಗುತ್ತಿದೆ, ತುಂಬುವುದು ನಿಧಾನ ಆಗುತ್ತಿದೆ ಎಂದರ್ಥ. ಬ್ರೇಕಿನಲ್ಲಿ ಹಾಗೆ ಖಾಲಿಯಾಗಿ ತುಂಬುವುದು ಬೂಸ್ಟರಿನ ವ್ಯಾಕ್ಯೂಮ್.

ಬೂಸ್ಟರ್ ಹೇಗೆ ಕೆಲಸ ಮಾಡುತ್ತದೆ ಎಂದು ಇಲ್ಲಿ ಸ್ವಲ್ಪ ಹೇಳಲೇಬೇಕು. ಆ ದೊಡ್ಡ ಡಬ್ಬದ ಒಳಗೆ ಒಂದು ರಬ್ಬರ್ ಡಯಾಫ್ರಮ್ ಇದೆ. ಅದು ಡಬ್ಬವನ್ನು ಎರಡು ಕೋಣೆ ಮಾಡುತ್ತದೆ. ಕಾಲು ತೆಗೆದಿರುವಾಗ ಎರಡೂ ಕಡೆ ಗಾಳಿ ಎಳೆದುಹಾಕಿರುತ್ತದೆ. ಪೆಡಲ್ ಒತ್ತಿದ ಕೂಡಲೇ ಒಳಗಿನ ವಾಲ್ವ್ ತೆರೆದು ಡ್ರೈವರ್ ಕಡೆಯ ಕೋಣೆಗೆ ಹೊರಗಿನ ಗಾಳಿ ಬಿಡುತ್ತದೆ. ಒಂದು ಕಡೆ ಹೊರಗಿನ ಒತ್ತಡ, ಇನ್ನೊಂದು ಕಡೆ ವ್ಯಾಕ್ಯೂಮ್. ಆ ವ್ಯತ್ಯಾಸವೇ ಮಾಸ್ಟರ್ ಸಿಲಿಂಡರನ್ನು, ಅಂದರೆ ಬ್ರೇಕ್ ಆಯಿಲನ್ನು ಚಕ್ರಗಳಿಗೆ ಒತ್ತಿ ಕಳಿಸುವ ಭಾಗವನ್ನು, ತಳ್ಳುವ ಬಲ. ಕಾಲು ತೆಗೆದಾಗ ಒಳಗೆ ಬಂದ ಗಾಳಿ ಮುಂದಿನ ಕೋಣೆಗೆ ಹೋಗುತ್ತದೆ. ಅದನ್ನು ಪಂಪ್ ಎಳೆದು ಹೊರಹಾಕಬೇಕು. ಅಂದರೆ ಪ್ರತಿ ಸಲ ಬ್ರೇಕ್ ಒತ್ತಿ ಬಿಟ್ಟಾಗಲೂ ಬೂಸ್ಟರಿನೊಳಗೆ ಒಂದಷ್ಟು ಗಾಳಿ ಸೇರಿಕೊಳ್ಳುತ್ತದೆ. ಅಷ್ಟನ್ನೂ ಮುಂದಿನ ಒತ್ತುವಿಕೆಗೆ ಮೊದಲು ಪಂಪ್ ಆಚೆ ಹಾಕಿರಬೇಕು.

ಪೆಟ್ರೋಲ್ ಗಾಡಿಯಲ್ಲಿ ಈ ಎಳೆತ ಇಂಜಿನ್ನಿನ ಇಂಟೇಕ್ ಮ್ಯಾನಿಫೋಲ್ಡಿನಿಂದಲೇ ಬರುತ್ತದೆ. ಐಡಲಿಂಗ್‌ನಲ್ಲಿ ಸಾಮಾನ್ಯವಾಗಿ 18ರಿಂದ 20 ಇಂಚು ಪಾದರಸದಷ್ಟು (ವ್ಯಾಕ್ಯೂಮ್ ಗೇಜಿನ ಅಳತೆ ಇದರಲ್ಲೇ). ಡೀಸೆಲ್‌ನಲ್ಲಿ ಅಂಥ ಎಳೆತ ಮ್ಯಾನಿಫೋಲ್ಡಿನಲ್ಲಿ ಹುಟ್ಟುವುದಿಲ್ಲ, ಅದಕ್ಕೇ ಬೇರೆ ಪಂಪ್. ಒಳ್ಳೆಯ ಪಂಪ್ 24ರ ಮೇಲೆ ಆರಾಮಾಗಿ ಎಳೆಯುತ್ತದೆ. ಸಮುದ್ರ ಮಟ್ಟದಲ್ಲಿ ಪೂರ್ತಿ ಖಾಲಿ ಅಂದರೆ ಸುಮಾರು 29.9 ಇಂಚು. ಎತ್ತರಕ್ಕೆ ಹೋದ ಹಾಗೆ, ಪ್ರತಿ 300 ಮೀಟರಿಗೆ ಹೆಚ್ಚುಕಡಿಮೆ ಒಂದು ಇಂಚು ಇಳಿಯುತ್ತದೆ. ಗೇಜ್ ನೋಡುವವರು ಇದನ್ನು ಮರೆತರೆ ಬೆಟ್ಟದ ಮೇಲಿನ ಒಳ್ಳೆಯ ಪಂಪನ್ನೂ ಕೆಟ್ಟದ್ದು ಅಂದುಬಿಡುತ್ತಾರೆ.

ಮೊದಲು ಉಪಕರಣ ಇಲ್ಲದ ಪರೀಕ್ಷೆಗಳು. ಇಂಜಿನ್ ಆಫ್ ಮಾಡಿ ಪೆಡಲನ್ನು ಮತ್ತೆ ಮತ್ತೆ ಒತ್ತಿ ಒಳಗಿನ ವ್ಯಾಕ್ಯೂಮ್ ಪೂರ್ತಿ ಮುಗಿಸಿದೆವು. ಪೆಡಲ್ ಮೇಲೆ ಬಂದು ಗಟ್ಟಿಯಾಗಿ ನಿಂತಿತು. ಕಾಲು ಒತ್ತಿ ಹಿಡಿದೇ ಇಂಜಿನ್ ಸ್ಟಾರ್ಟ್ ಮಾಡಿದೆವು. ಸರಿಯಾದ ಗಾಡಿಯಲ್ಲಿ ಪೆಡಲ್ ಕಾಲಿನ ಕೆಳಗೆ ಮೆಲ್ಲಗೆ ಒಂದಿಷ್ಟು ಜಾರುತ್ತದೆ. ಇಲ್ಲೂ ಜಾರಿತು. ಆಮೇಲೆ ಪೆಡಲ್ ಒತ್ತಿ ಹಿಡಿದು ಇಂಜಿನ್ ಆಫ್ ಮಾಡಿ ಅರ್ಧ ನಿಮಿಷ ಕಾದೆವು. ಪೆಡಲ್ ಮೇಲೇಳಲಿಲ್ಲ, ಬೂಸ್ಟರ್ ಸೋರುತ್ತಿಲ್ಲ. ಕೊನೆಗೆ ಇಂಜಿನ್ ಸ್ವಲ್ಪ ಹೊತ್ತು ಓಡಿಸಿ, ಆಫ್ ಮಾಡಿ, ನಿಧಾನವಾಗಿ ಒತ್ತುತ್ತಾ ಹೋದೆವು. ಮೊದಲ ಸಲ ಆಳಕ್ಕೆ ಹೋಯಿತು, ಎರಡನೇ ಸಲ ಸ್ವಲ್ಪ ಮೇಲೆ, ಮೂರನೇ ಸಲ ಇನ್ನೂ ಮೇಲೆ. ಇದೂ ಪಾಸ್. ಗಾಳಿಯನ್ನು ಪಂಪಿನ ಕಡೆಗೆ ಮಾತ್ರ ಬಿಡುವ ನಾನ್ ರಿಟರ್ನ್ ವಾಲ್ವ್ ವ್ಯಾಕ್ಯೂಮನ್ನು ಹಿಡಿದಿಡುತ್ತಿದೆ.

ಪುಸ್ತಕದ ಮೂರೂ ಪರೀಕ್ಷೆ ಪಾಸಾದ ಗಾಡಿ ರಸ್ತೆಯಲ್ಲಿ ಫೇಲ್. ಇಂಥ ಕಡೆಯೇ ಸುಮ್ನೆ ಪಾರ್ಟ್ಸ್ ಬದಲಿಸುವ ಕೆಲಸ ಶುರುವಾಗುವುದು. ಈ ಪರೀಕ್ಷೆಗಳು ಸುಳ್ಳಲ್ಲ. ಆದರೆ ಮೂರೂ ಕೇಳುವುದು ಒಂದೇ ಪ್ರಶ್ನೆ: ಸಮಯ ಕೊಟ್ಟರೆ ವ್ಯಾಕ್ಯೂಮ್ ಬರುತ್ತದಾ, ಬಂದದ್ದು ಉಳಿಯುತ್ತದಾ? ಎಷ್ಟು ಬೇಗ ಬರುತ್ತದೆ ಎಂದು ಯಾವುದೂ ಕೇಳುವುದಿಲ್ಲ. ನಮ್ಮ ಡ್ರೈವರಿನ ದೂರು ಇದ್ದದ್ದೇ ಆ ಬೇಗದ ಬಗ್ಗೆ.

ಗೇಜ್ ಹಾಕುವ ಮೊದಲು ಇನ್ನೊಂದು ಅನುಮಾನ ತೀರಿಸಿಕೊಳ್ಳಬೇಕಿತ್ತು. ಬೂಸ್ಟರ್ ಹೊಸದು ಹಾಕಿದ್ದಾರೆ ಅಂದರೆ ಅದರ ಪುಶ್ ರಾಡ್ (ಮಾಸ್ಟರ್ ಸಿಲಿಂಡರಿನ ಪಿಸ್ಟನ್ ತಳ್ಳುವ ಸಲಾಕೆ) ಉದ್ದ ಸರಿಯಾಗಿದೆಯಾ ಎಂದು ನೋಡಲೇಬೇಕು. ರಾಡ್ ಸ್ವಲ್ಪ ಉದ್ದ ಇದ್ದರೂ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಪೂರ್ತಿ ಹಿಂದಕ್ಕೆ ಬರುವುದಿಲ್ಲ. ಆಗ ಬ್ರೇಕ್ ಆಯಿಲ್ ಟ್ಯಾಂಕಿಗೆ ವಾಪಸ್ ಹೋಗುವ ಸಣ್ಣ ತೂತು ಮುಚ್ಚಿಕೊಂಡೇ ಇರುತ್ತದೆ. ಗಾಡಿ ಬಿಸಿಯಾದಂತೆ ಆಯಿಲ್ ಹಿಗ್ಗುತ್ತದೆ, ಹೋಗಲು ದಾರಿ ಇಲ್ಲ, ಬ್ರೇಕ್ ತಾನಾಗಿ ಹಿಡಿಯಲು ಶುರುಮಾಡುತ್ತದೆ. ಪೆಡಲ್ ಎತ್ತರಕ್ಕೆ ಬಂದು ಗಟ್ಟಿಯಾಗುತ್ತದೆ. ಬಿಸಿಯಾದ ಮೇಲೆ ಗಟ್ಟಿ ಅನ್ನುವ ಮಾತು ಇದಕ್ಕೂ ಹೊಂದುತ್ತದೆ, ಅಲ್ವಾ? ಪತ್ತೆ ಮಾಡುವುದು ಸುಲಭ. ಗಾಡಿ ಬಿಸಿ ಮಾಡಿ, ಜಾಕ್ ಏರಿಸಿ, ಚಕ್ರ ಕೈಯಲ್ಲಿ ತಿರುಗಿಸಿ ನೋಡುವುದು. ಹಿಡಿದುಕೊಂಡಿದ್ದರೆ ಮಾಸ್ಟರ್ ಸಿಲಿಂಡರಿನ ಎರಡು ನಟ್ ಸಡಿಲ ಮಾಡಿ ಅದನ್ನು ಕೊಂಚ ಮುಂದೆ ಸರಿಸಬೇಕು. ಆಗ ಚಕ್ರ ಬಿಟ್ಟುಕೊಂಡರೆ ರಾಡ್ ಉದ್ದ ಅಂತಲೇ ಲೆಕ್ಕ. ನಮ್ಮ ಗಾಡಿಯ ಹಿಂದಿನ ಚಕ್ರಗಳು ಆರಾಮಾಗಿ ತಿರುಗಿದವು. ಮುಂದಿನದರಲ್ಲಿ ಒಂದು ಕಡೆ ಮಾತ್ರ ಸ್ವಲ್ಪ ಉಜ್ಜುವ ಸದ್ದು. ರಾಡ್ ತಪ್ಪಿದ್ದರೆ ಒಂದೇ ಚಕ್ರ ಹಿಡಿಯುವುದಿಲ್ಲ. ಆ ಸದ್ದನ್ನು ಬರೆದಿಟ್ಟುಕೊಂಡು ಮುಂದಕ್ಕೆ ಹೋದೆವು.

ಹಳೆಯ ಬೂಸ್ಟರನ್ನು ಬೆಂಚಿನ ಮೇಲಿಟ್ಟು ಕೈಪಂಪಿನಿಂದ ವ್ಯಾಕ್ಯೂಮ್ ಎಳೆದೆವು. ಮುಳ್ಳು ಏರಿದ ಜಾಗದಲ್ಲೇ ನಿಂತಿತು. ಬೇರೆ ಕೆಲಸ ಮುಗಿಸಿ ಬಂದು ನೋಡಿದರೂ ಅಲ್ಲೇ ಇತ್ತು. ಅಂದರೆ ಚೆನ್ನಾಗಿದ್ದ ಬೂಸ್ಟರನ್ನೇ ಬಿಚ್ಚಿ ಹಾಕಿದ್ದರು. ಬಿಚ್ಚುವ ಮೊದಲು ಗೇಜ್ ಹಾಕಿದ್ದರೆ ಇಷ್ಟೆಲ್ಲ ಖರ್ಚು ಬೇಕಿರಲಿಲ್ಲ.

ಈ ಗಾಡಿಯಲ್ಲಿ ವ್ಯಾಕ್ಯೂಮ್ ಹೋಗುವ ದಾರಿ ಹೀಗಿದೆ: ಪಂಪಿನಿಂದ ಒಂದು ಗೇಣು ರಬ್ಬರ್ ಹೋಸ್, ಅಲ್ಲಿಂದ ಇಂಜಿನ್ ಹಿಂದೆ ಸುತ್ತಿ ಬರುವ ಕಬ್ಬಿಣದ ಪೈಪ್, ಮತ್ತೆ ರಬ್ಬರ್ ಹೋಸ್, ಅದರ ನಡುವೆ ನಾನ್ ರಿಟರ್ನ್ ವಾಲ್ವ್, ಆಮೇಲೆ ಬೂಸ್ಟರ್. ವಾಲ್ವಿಗೂ ಬೂಸ್ಟರಿಗೂ ನಡುವೆ ಟಿ ಜಾಯಿಂಟ್ ಹಾಕಿ ಒಂದು ಗೇಜ್ ಜೋಡಿಸಿದೆವು. ಪಂಪಿನ ಬಾಯಿಯಲ್ಲೇ ಇನ್ನೊಂದು. ಎರಡು ಗೇಜ್ ಯಾಕೆ ಅಂದರೆ, ಒಂದೇ ಇದ್ದರೆ ಅದು "ಕಮ್ಮಿ ಇದೆ" ಅಂತ ಮಾತ್ರ ಹೇಳುತ್ತದೆ. ಎಲ್ಲಿ ಕಮ್ಮಿಯಾಯಿತು ಅನ್ನುವುದು ಎರಡರ ನಡುವಿನ ವ್ಯತ್ಯಾಸದಲ್ಲಿ ಸಿಗುತ್ತದೆ. ವಯರಿಂಗ್‌ನಲ್ಲಿ ವೋಲ್ಟೇಜ್ ಡ್ರಾಪ್ ನೋಡುವ ಕ್ರಮವೇ ಇದು.

ತಣ್ಣಗಿದ್ದಾಗ ಎರಡೂ ಗೇಜ್ 26 ತೋರಿಸಿದವು. ಬೂಸ್ಟರ್ ಕಡೆಯದು ಏರುವುದು ಸ್ವಲ್ಪ ನಿಧಾನ, ಆದರೆ ದೂರು ಕೊಡುವಷ್ಟಲ್ಲ. ಗಾಡಿಯನ್ನು ಚೆನ್ನಾಗಿ ಬಿಸಿಯಾಗುವವರೆಗೆ ಓಡಿಸಿ ತಂದು, ಐಡಲಿಂಗ್‌ನಲ್ಲಿ ಬಿಟ್ಟು, ಪೆಡಲನ್ನು ಪಟಪಟ ಮೂರು ಸಲ ಪೂರ್ತಿ ಒತ್ತಿಸಿದೆವು. ಬೂಸ್ಟರ್ ಕಡೆಯ ಮುಳ್ಳು 12ಕ್ಕೆ ಬಿತ್ತು. ಬಿದ್ದದ್ದು ಏಳಲಿಲ್ಲ. ಒಂದೊಂದೇ ಗೆರೆ ತೆವಳುತ್ತಾ ಹೋಯಿತು, 20 ದಾಟುವುದಕ್ಕೇ ಅರ್ಧ ನಿಮಿಷದ ಹತ್ತಿರ ತೆಗೆದುಕೊಂಡಿತು. ಅದೇ ಹೊತ್ತಿಗೆ ಪಂಪಿನ ಗೇಜ್ ನೋಡಿದರೆ 26ರಿಂದ ಅಲುಗಾಡಿರಲೇ ಇಲ್ಲ.

ಪಂಪ್ ಸೊರಗಿದ್ದರೆ ಎರಡೂ ಮುಳ್ಳು ಒಟ್ಟಿಗೆ ಬೀಳಬೇಕಿತ್ತು. ದಾರಿಯಲ್ಲಿ ದೊಡ್ಡ ಸೋರಿಕೆ ಇದ್ದರೂ ಪಂಪಿನ ಕಡೆ 26 ನಿಲ್ಲುತ್ತಿರಲಿಲ್ಲ. ಪಂಪಿನ ಹತ್ತಿರ ತುಂಬು ಎಳೆತ, ಬೂಸ್ಟರಿನ ಹತ್ತಿರ ಬರಗಾಲ ಅಂದರೆ ಮಧ್ಯೆ ಎಲ್ಲೋ ದಾರಿ ಕಟ್ಟಿದೆ.

ಈ 26ಕ್ಕೂ 12ಕ್ಕೂ ಕಾಲಿಗೆ ಎಷ್ಟು ವ್ಯತ್ಯಾಸ ಅನ್ನುವವರಿಗೆ ಒಂದು ಲೆಕ್ಕ. 9 ಇಂಚಿನ ಒಂಟಿ ಡಯಾಫ್ರಮ್ ಬೂಸ್ಟರ್ ಅಂದುಕೊಳ್ಳಿ. ಡಯಾಫ್ರಮಿನ ವಿಸ್ತೀರ್ಣ ಸುಮಾರು 410 ಚದರ ಸೆಂಟಿಮೀಟರ್. 26 ಇಂಚು ವ್ಯಾಕ್ಯೂಮ್ ಅಂದರೆ ಪ್ರತಿ ಚದರ ಸೆಂಟಿಮೀಟರಿಗೆ 0.9 ಕೆಜಿ ಹತ್ತಿರ. ಒಟ್ಟು 370 ಕೆಜಿಯಷ್ಟು ಬಲ. 12 ಇಂಚಿಗೆ ಇಳಿದರೆ ಅದೇ ಬಲ 170 ಕೆಜಿಗೆ ಬರುತ್ತದೆ. ಇದು ಕಾಗದದ ಮೇಲಿನ ಗರಿಷ್ಠ ಲೆಕ್ಕ, ಸ್ಪ್ರಿಂಗು, ಉಜ್ಜಾಟ ಎಲ್ಲ ಬಿಟ್ಟದ್ದು. ಹಾಗಿದ್ದರೂ ಅರ್ಧಕ್ಕಿಂತ ಜಾಸ್ತಿ ಸಹಾಯ ಹೋಯಿತು ಅನ್ನುವುದು ಸತ್ಯ. ಉಳಿದದ್ದನ್ನು ಡ್ರೈವರಿನ ಕಾಲೇ ಕೊಡಬೇಕು, ಅದೂ ಲೋಡ್ ತುಂಬಿದ ಗಾಡಿಯಲ್ಲಿ.

ಮಧ್ಯದಲ್ಲಿ ಇರುವುದು ನಾಲ್ಕು ವಸ್ತು: ಎರಡು ಹೋಸ್, ಒಂದು ಪೈಪ್, ಒಂದು ವಾಲ್ವ್. ನಾನ್ ರಿಟರ್ನ್ ವಾಲ್ವ್ ಅರ್ಧಂಬರ್ಧ ತೆರೆದರೂ ಹೀಗೇ ಆಗಬಹುದು. ಅದಕ್ಕೆ ಟಿ ಜಾಯಿಂಟನ್ನು ವಾಲ್ವಿನ ಆಚೆ, ಪಂಪಿನ ಕಡೆಗೆ ಸರಿಸಿ ಮತ್ತೆ ಅದೇ ಪರೀಕ್ಷೆ ಮಾಡಿದೆವು. ಮುಳ್ಳು ಅಲ್ಲೂ ಹಾಗೇ ಬಿದ್ದು ಹಾಗೇ ತೆವಳಿತು. ವಾಲ್ವ್ ನಿರಪರಾಧಿ. ಗಾಡಿ ಆಫ್ ಮಾಡಿ ಕಬ್ಬಿಣದ ಪೈಪನ್ನು ಬಿಡಿಸಿ ಊದಿದರೆ ಸಲೀಸಾಗಿ ಗಾಳಿ ಹೋಯಿತು. (ಊದುವಾಗ ಪೈಪನ್ನು ಎರಡೂ ಕಡೆ ಬಿಡಿಸಿಕೊಳ್ಳಬೇಕು. ಕಂಪ್ರೆಸರ್ ಗಾಳಿ ಬೂಸ್ಟರಿಗೆ ಹೋದರೆ ಡಯಾಫ್ರಮ್ ಹರಿಯಬಹುದು.) ಉಳಿದದ್ದು ಪಂಪಿನ ಹತ್ತಿರದ ಆ ಒಂದು ಗೇಣು ಹೋಸ್.

ಅದು ಏರ್ ಕ್ಲೀನರಿನ ಪೈಪಿನ ಕೆಳಗೆ ಅಡಗಿತ್ತು. ಕಣ್ಣಿಗೆ ಕಾಣುವಷ್ಟು ಭಾಗ ದುಂಡಗೆ, ಕಪ್ಪಗೆ, ಬಿರುಕಿಲ್ಲದೆ ಇತ್ತು. ಮೊದಲು ನೋಡಿದವರು ಅದನ್ನು ಬಿಟ್ಟದ್ದರಲ್ಲಿ ಆಶ್ಚರ್ಯವಿಲ್ಲ. ಏರ್ ಕ್ಲೀನರ್ ಪೈಪ್ ತೆಗೆದು, ಇಂಜಿನ್ ಬಿಸಿಯಿದ್ದಾಗಲೇ ಸ್ಟಾರ್ಟ್ ಮಾಡಿ, ಒಬ್ಬರು ಪೆಡಲ್ ಒತ್ತುತ್ತಿರುವಾಗ ಟಾರ್ಚ್ ಹಿಡಿದು ನೋಡಿದೆವು. ಹೋಸ್ ತಿರುವಿನ ಜಾಗದಲ್ಲಿ ಒಳಕ್ಕೆ ಕುಸಿದು ಚಪ್ಪಟೆಯಾಯಿತು. ಪೆಡಲ್ ಬಿಟ್ಟು ಕಾದರೆ ನಿಧಾನವಾಗಿ ಅರ್ಧಂಬರ್ಧ ದುಂಡಾಯಿತು. ನೆನೆದ ಕಾಗದದ ಸ್ಟ್ರಾದಲ್ಲಿ ಜೋರಾಗಿ ಎಳೆದರೆ ಹೇಗೆ ಅಂಟಿಕೊಳ್ಳುತ್ತದೋ, ಹಾಗೇ.

ಬಿಚ್ಚಿ ಉದ್ದಕ್ಕೆ ಸೀಳಿದಾಗ ವಿಷಯ ಪೂರ್ತಿ ಬಯಲಾಯಿತು. ಹೊರಗಿನ ಪದರ ಗಟ್ಟಿ. ಒಳಗಿನದು ಊದಿ, ಮೆತ್ತಗಾಗಿ, ಉಗುರು ಒತ್ತಿದರೆ ಗುರುತು ಉಳಿಯುವಷ್ಟು ಹದಗೆಟ್ಟಿತ್ತು. ತಿರುವಿನ ಹತ್ತಿರ ಒಳಗೋಡೆಗಳು ಒಂದಕ್ಕೊಂದು ತಾಗಿದ ಕಡೆ ಹೊಳೆಯುವ ಎರಡು ಪಟ್ಟೆ. ಬೆರಳಿಗೆ ಇಂಜಿನ್ ಆಯಿಲ್ ಅಂಟಿತು. ಹೊರಮೈಯ ಕೊಳೆ ಒರೆಸಿದರೆ ಅಕ್ಷರ ಕಾಣಿಸಿತು: ಹೀಟರ್ ಹೋಸ್.

ಯಾರೋ, ಯಾವಾಗಲೋ ಮೂಲ ಹೋಸ್ ಹೋದಾಗ ಅಳತೆ ಹೊಂದಿತೆಂದು ಕೂಲಂಟ್ ಹರಿಯುವ ಹೋಸನ್ನು ತುಂಡು ಮಾಡಿ ಹಾಕಿದ್ದಾರೆ. ಅಳತೆ ಸರಿ, ಉಳಿದದ್ದೆಲ್ಲ ತಪ್ಪು. ಹೀಟರ್ ಹೋಸ್ ಮಾಡಿರುವುದು ಒಳಗಿನಿಂದ ಹೊರಕ್ಕೆ ತಳ್ಳುವ ಒತ್ತಡ ತಡೆಯಲು. ಅದರ ನೂಲಿನ ಬಲ ಇರುವುದು ಹೋಸ್ ಒಡೆಯದಿರಲಿ ಎಂದು. ಇಲ್ಲಿ ಕೆಲಸ ಉಲ್ಟಾ. ಹೊರಗಿನ ಗಾಳಿ ಹೋಸನ್ನು ಒಳಕ್ಕೆ ಅಮುಕುತ್ತದೆ, ಗೋಡೆ ದಪ್ಪ ಮತ್ತು ಬಿಗಿ ಇರಬೇಕು. ಇನ್ನೊಂದು, ಹೀಟರ್ ಹೋಸ್ ಹೆಚ್ಚಾಗಿ ಇಪಿಡಿಎಂ ಅನ್ನುವ ರಬ್ಬರಿನದ್ದು. ಅದಕ್ಕೆ ಬಿಸಿನೀರು, ಕೂಲಂಟ್ ಎಷ್ಟಾದರೂ ಸರಿ, ಪೆಟ್ರೋಲಿಯಂ ಎಣ್ಣೆ ತಾಗಿದರೆ ಊದುತ್ತದೆ. ಈ ಪಂಪಿನ ಬ್ಲೇಡುಗಳು ಸವೆಯದೆ ಜಾರುವಂತೆ ಮಾಡುವುದು ಇಂಜಿನ್ ಆಯಿಲೇ. ಇಂಜಿನ್ ನಿಂತಾಗ ಪೈಪಿನಲ್ಲಿ ಉಳಿದ ವ್ಯಾಕ್ಯೂಮ್ ಒಂದಿಷ್ಟು ಆಯಿಲನ್ನು ಹೋಸಿನ ಕಡೆ ಎಳೆದುಕೊಳ್ಳಬಹುದು. ಎಣ್ಣೆ ತಡೆಯುವ ಹೋಸಿಗೆ ಅಷ್ಟರಿಂದ ಏನೂ ಆಗುವುದಿಲ್ಲ. ಈ ಹೋಸ್ ಮಾತ್ರ ಅದನ್ನು ಕುಡಿದು ಉಬ್ಬಿತು. ತಣ್ಣಗಿದ್ದಾಗ ರಬ್ಬರಿಗೆ ಬಿಗಿ ಇರುತ್ತದೆ, ಅದಕ್ಕೇ ಬೆಳಿಗ್ಗೆ ತೊಂದರೆ ಇರಲಿಲ್ಲ. ಬಿಸಿಯಾದರೆ ಮೆತ್ತಗಾಗಿ ಕುಸಿಯುತ್ತದೆ.

ಹಾಕಿದ್ದು ಬ್ರೇಕ್ ವ್ಯಾಕ್ಯೂಮಿಗೆಂದೇ ಮಾಡಿದ ಹೋಸ್. ಇಂಥವಕ್ಕೆ ಎಸ್‌ಎಇ ಜೆ1403 ಅನ್ನುವ ಮಾನದಂಡ ಇದೆ, ಹೋಸಿನ ಮೇಲೆ ಗುರುತು ಇದೆಯಾ ನೋಡಿ ತೆಗೆದುಕೊಳ್ಳುವುದು ಒಳ್ಳೆಯದು. ಗಾಡಿ ಕಂಪನಿಯೇ ತಿರುವಿನ ಆಕಾರದಲ್ಲಿ ಅಚ್ಚು ಹಾಕಿ ಕೊಡುವ ಹೋಸ್ ಸಿಕ್ಕರೆ ಅದೇ ಎಲ್ಲಕ್ಕಿಂತ ಮೇಲು, ನೇರ ಹೋಸನ್ನು ಬಗ್ಗಿಸಿದರೆ ತಿರುವಿನಲ್ಲಿ ಮೊದಲೇ ಅರ್ಧ ಮಡಚಿರುತ್ತದೆ. ನಮಗೆ ಅಚ್ಚಿನದೇ ಸಿಕ್ಕಿತು. ಎರಡೂ ತುದಿಗೆ ಹೊಸ ಕ್ಲಿಪ್ ಹಾಕಿ, ಸೈಲೆನ್ಸರ್ ಪೈಪಿನ ಬಿಸಿ ತಾಗದ ಹಾಗೆ ಬ್ರಾಕೆಟ್ಟಿಗೆ ಕಟ್ಟಿದೆವು. ಎಣ್ಣೆ ಮುಂದಕ್ಕೆ ಹೋಗಿದೆಯಾ ಎಂದು ಕಬ್ಬಿಣದ ಪೈಪಿನ ಒಳಗೂ ವಾಲ್ವಿನ ಎರಡು ಬದಿಯಲ್ಲೂ ಬಿಳಿ ಬಟ್ಟೆ ತೂರಿಸಿ ನೋಡಿದೆವು. ಪೈಪಿನ ಪಂಪ್ ಕಡೆ ತುದಿಯಲ್ಲಿ ಕಲೆ, ವಾಲ್ವಿನ ಹತ್ತಿರ ಒಣ. ಬೂಸ್ಟರ್ ಬಚಾವ್. ಎಣ್ಣೆ ಅಲ್ಲಿವರೆಗೆ ಹೋಗಿದ್ದರೆ ಡಯಾಫ್ರಮ್ ಮೇಲೆ ನಂಬಿಕೆ ಇಡುವ ಹಾಗಿರಲಿಲ್ಲ.

ನಾನ್ ರಿಟರ್ನ್ ವಾಲ್ವನ್ನೂ ಹೊಸದು ಹಾಕಿಬಿಡಿ ಎಂದು ಮಾಲೀಕರು ಹೇಳಿದರು. ಬೇಡ ಅಂದೆ. ಚೆನ್ನಾಗಿರುವುದನ್ನು ಬದಲಿಸುತ್ತಾ ಬಂದದ್ದಕ್ಕೇ ಗಾಡಿ ಇಲ್ಲಿಗೆ ಬಂದು ನಿಂತಿದ್ದು. ವಾಲ್ವನ್ನು ವಾಪಸ್ ಹಾಕುವಾಗ ಅದರ ಬಾಣದ ಗುರುತು ಪಂಪಿನ ಕಡೆಗೆ ಇರಬೇಕು, ಗಾಳಿ ಹೋಗುವುದು ಆ ಕಡೆಗೇ. ಉಲ್ಟಾ ಹಾಕಿದರೆ ಬೂಸ್ಟರಿಗೆ ವ್ಯಾಕ್ಯೂಮೇ ಸಿಗುವುದಿಲ್ಲ.

ಮತ್ತೆ ಬಿಸಿ ಮಾಡಿ, ಮತ್ತೆ ಅದೇ ಪಟಪಟ ಮೂರು ಸಲ. ಬೂಸ್ಟರ್ ಕಡೆಯ ಮುಳ್ಳು 19ರವರೆಗೆ ಇಳಿದು, ಕಾಲು ತೆಗೆದ ಕೆಲವೇ ಸೆಕೆಂಡಿನಲ್ಲಿ 25 ದಾಟಿತು. ಎರಡು ಗೇಜೂ ಜೊತೆಜೊತೆಗೇ ಏರಿದವು.

ಪೆಡಲ್ ಹಗುರಾಯಿತು. ಆದರೆ ರಸ್ತೆಗೆ ಒಯ್ದು ಜೋರಾಗಿ ಒತ್ತಿದಾಗ ಗಾಡಿ ಕೊಂಚ ಒಂದು ಕಡೆಗೆ ಎಳೆಯಿತು. ಮೊದಲು ಬರೆದಿಟ್ಟುಕೊಂಡಿದ್ದ ಉಜ್ಜುವ ಸದ್ದು ಯಾವ ಚಕ್ರದ್ದೋ ಅದನ್ನೇ ಬಿಚ್ಚಿದೆವು. ಕ್ಯಾಲಿಪರ್ ಆಚೀಚೆ ಜಾರಲು ಇರುವ ಎರಡು ಸ್ಲೈಡ್ ಪಿನ್‌ಗಳಲ್ಲಿ ಕೆಳಗಿನದು ಹಿಡಿದುಕೊಂಡಿತ್ತು. ಪಿನ್ನಿನ ತುದಿಯ ರಬ್ಬರ್ ತೋಳು ಊದಿ ತೂತಿನ ಗೋಡೆಗೆ ಒತ್ತಿಕೊಂಡಿತ್ತು. ಕಾರಣ ಇಲ್ಲೂ ಅದೇ ಜಾತಿಯದು: ಪಿನ್ನಿಗೆ ಬೇರಿಂಗ್ ಗ್ರೀಸ್ ಹಚ್ಚಿದ್ದರು. ಆ ಗ್ರೀಸಿನಲ್ಲಿರುವುದು ಪೆಟ್ರೋಲಿಯಂ ಎಣ್ಣೆ. ಬ್ರೇಕಿನ ಸೀಲುಗಳ ರಬ್ಬರಿಗೆ ಅದು ಆಗಿಬರುವುದಿಲ್ಲ. ಪಿನ್ನಿಗೆ ಸಿಲಿಕೋನ್ ಗ್ರೀಸೇ ಬೇಕು. ಬ್ರೇಕ್ ಆಯಿಲ್ ಟ್ಯಾಂಕಿಗೆ ತಪ್ಪಿ ಇಂಜಿನ್ ಆಯಿಲ್ ಸುರಿದವರ ಗಾಡಿಯಲ್ಲಿ ಮಾಸ್ಟರ್ ಸಿಲಿಂಡರಿನಿಂದ ಚಕ್ರದವರೆಗೆ ಎಲ್ಲ ಸೀಲೂ ಊದುವುದು ಇದೇ ಕಾರಣಕ್ಕೆ. ಆಗ ಪೆಡಲ್ ಗಟ್ಟಿಯಾಗುವುದಷ್ಟೇ ಅಲ್ಲ, ಇಡೀ ವ್ಯವಸ್ಥೆಯ ರಬ್ಬರ್ ಬದಲಿಸಬೇಕಾಗುತ್ತದೆ.

ಪಿನ್ ಕಿಟ್ ಹೊಸದು ಹಾಕಿದೆವು. ಒಂದೇ ಕಡೆ ಸವೆದು ಹೊಳಪು ಬಂದಿದ್ದ ಪ್ಯಾಡನ್ನು ಮುಂದಿನ ಎರಡೂ ಚಕ್ರಕ್ಕೆ ಜೋಡಿಯಾಗಿಯೇ ಬದಲಿಸಿದೆವು. ಡಿಸ್ಕಿನ ದಪ್ಪ ಮಿತಿಯೊಳಗೇ ಇತ್ತು. ಲೋಡ್ ನೋಡಿಕೊಂಡು ಹಿಂದಿನ ಬ್ರೇಕಿಗೆ ಒತ್ತಡ ಹಂಚುವ ವಾಲ್ವಿನ ಲಿವರ್ ಸಲೀಸಾಗಿ ಆಡುತ್ತಿತ್ತು, ಅದನ್ನು ಮುಟ್ಟಲಿಲ್ಲ.

ಗಾಡಿ ಒಪ್ಪಿಸುವಾಗ ಡ್ರೈವರ್ ಒಂದು ಮಾತು ಹೇಳಿದರು. ಡೀಸೆಲ್ ಉಳಿಯಲಿ ಎಂದು ಇಳಿಜಾರಿನಲ್ಲಿ ಇಂಜಿನ್ ಆಫ್ ಮಾಡಿ ಬಿಡುವ ಅಭ್ಯಾಸ ಇದೆಯಂತೆ. ಹಾಗೆ ಮಾಡಬೇಡಿ ಎಂದು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಾಯಿತು. ಇಂಜಿನ್ ನಿಂತರೆ ಪಂಪೂ ನಿಂತಿತು. ಬೂಸ್ಟರಿನಲ್ಲಿ ಉಳಿದ ವ್ಯಾಕ್ಯೂಮ್ ಎರಡು ಮೂರು ಸಲ ಬ್ರೇಕ್ ಒತ್ತುವಷ್ಟಕ್ಕೆ ಮಾತ್ರ. ಹೋಸ್ ಎಷ್ಟೇ ಒಳ್ಳೆಯದಿರಲಿ, ಆಮೇಲೆ ಪೆಡಲ್ ಗಟ್ಟಿಯೇ.

ಜಾಬ್ ಕಾರ್ಡಿನಲ್ಲಿ ಬರೆದುಕೊಟ್ಟದ್ದು ಇಷ್ಟು: ಪ್ರತಿ ಸರ್ವಿಸ್‌ನಲ್ಲಿ ಪಂಪ್ ಹತ್ತಿರದ ಹೋಸನ್ನು ಇಂಜಿನ್ ಬಿಸಿಯಿದ್ದಾಗ, ಒಬ್ಬರು ಪೆಡಲ್ ಒತ್ತುತ್ತಿರುವಾಗ ನೋಡುವುದು. ಆಲ್ಟರ್ನೇಟರ್ ಬೆಲ್ಟ್ ಬಿಗಿ ನೋಡುವುದು, ಅದು ಜಾರಿದರೆ ಬ್ಯಾಟರಿ ಚಾರ್ಜಿನ ಜೊತೆ ಬ್ರೇಕಿನ ಸಹಾಯವೂ ಹೋಗುತ್ತದೆ. ಸ್ಲೈಡ್ ಪಿನ್ ಬಿಚ್ಚಿದಾಗ ಸಿಲಿಕೋನ್ ಗ್ರೀಸ್ ಮಾತ್ರ. ಹಳೆಯ ಬೂಸ್ಟರ್ ಪರೀಕ್ಷೆಯಲ್ಲಿ ಪಾಸ್, ಸ್ಪೇರ್ ಆಗಿ ಇಟ್ಟುಕೊಳ್ಳಬಹುದು.